ಅಂಗಡಿ ತೆರೆದ ತರುವಾಯ

ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ವೈದ್ಯೆಯರೂ ಹಿಂದಿನಿಂದಲೂ ಇದ್ದಾರೆ. ಈ ಕೆಲವು ವರ್ಷಗಳಿಂದ ಸ್ವಂತ ವ್ಯಾಪಾರವನ್ನು ಕೈಕೊಂಡವರ ಸಂಖ್ಯೆಯೂ ಹೆಚ್ಚಿದೆ. ಒಬ್ಬರು ಕೈಮಗ್ಗದ ಸೀರೆಗಳನ್ನು ಮಾರುತ್ತಾರೆ. ಒಬ್ಬರು ಸಾರಿನ ಪುಡಿ, ಉಪ್ಪಿನಕಾಯಿಗಳನ್ನು ಮಾಡಿ ಕಳುಹಿಸುತ್ತಾರೆ. ಮತ್ತೊಬ್ಬರು ತಾವೇ ಹೊಲಿದ ಮಕ್ಕಳ ಉಡುಪುಗಳನ್ನು ದೂರದೂರದ ಊರುಗಳಿಗೆ ಒದಗಿಸುತ್ತಾರೆ. ಇವರಲ್ಲಿ ಅನೇಕರಿಗೆ ಪೇಟೆಯಲ್ಲಿ ಮಳಿಗೆಯಿಲ್ಲ. ಅವರ ವೆಬ್‌ಸೈಟೇ ಅವರ ಅಂಗಡಿ. ಅಂತಹ ಅಂಗಡಿಯನ್ನು ತೆರೆದ ದಿನ ಸಂತೋಷದಿಂದ ಶಾಲೆಗೆ ವಾರ್ತೆ ಕಳುಹಿಸುವವರಿದ್ದಾರೆ. ಆದರೆ ತೆರೆದ ತರುವಾಯ ಅದರ ಪಾಲನೆಯನ್ನು ಹೇಗೆ ನಡೆಸುತ್ತಿದ್ದೀರಿ ಎಂದು ವಿಚಾರಿಸಿದರೆ, “ಮಾಡಿಕೊಟ್ಟವರಿಗೆ ಹಣ ಸಂದಿತು, ಕೆಲಸ ಮುಗಿಯಿತು” ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಈ ಎಣಿಕೆ ಏಕೆ ಸರಿಯಲ್ಲ, ಅದರಿಂದ ಬರುವ ನಷ್ಟವೇನು, ಅದನ್ನು ತಪ್ಪಿಸಿಕೊಳ್ಳುವ ಕ್ರಮವೇನು ಎಂಬ ಮೂರು ಸಂಗತಿಗಳನ್ನು ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಇಂತಹ ಅಂಗಡಿಯು ಯಾವುದರಿಂದ ಕಟ್ಟಲ್ಪಟ್ಟಿದೆ ಎಂಬುದನ್ನು ನೋಡೋಣ. ಗ್ರಾಹಕರ ಕಣ್ಣಿಗೆ ಅದು ಒಂದೇ ವಸ್ತುವಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಒಂದರ ಮೇಲೊಂದು ಇರಿಸಿದ ಹಲವು ಅಂತಸ್ತುಗಳ ಕಟ್ಟಡ. ಕೆಳಗೆ ಸರ್ವರ್ ಎಂಬ ಯಂತ್ರ ಮತ್ತು ಅದನ್ನು ನಡೆಸುವ ಮೂಲ ಸಾಫ್ಟ್‌ವೇರ್. ಅದರ ಮೇಲೆ ಪಿ.ಎಚ್.ಪಿ.ಯಂತಹ ಒಂದು ಪ್ರೋಗ್ರಾಮಿಂಗ್ ಭಾಷೆ. ಪಕ್ಕದಲ್ಲಿ ಸರಕು, ಬೆಲೆ, ಗ್ರಾಹಕರ ವಿಳಾಸಗಳನ್ನು ಇಟ್ಟಿರುವ ಡೇಟಾಬೇಸ್. ಅದರ ಮೇಲೆ ವೂಕಾಮರ್ಸ್, ಮೆಜೆಂಟೊ ಮೊದಲಾದ ಹೆಸರಿನ ಅಂಗಡಿಯ ಸಾಫ್ಟ್‌ವೇರ್. ಅದಕ್ಕೆ ಜೋಡಿಸಿದ ಪ್ಲಗಿನ್ ಎಂಬ ಸಣ್ಣ ಸಣ್ಣ ಉಪಕರಣಗಳು: ಒಂದು ಅಂಚೆಯ ವೆಚ್ಚವನ್ನು ಲೆಕ್ಕ ಮಾಡುತ್ತದೆ, ಒಂದು ರಸೀದಿಯನ್ನು ಕಳುಹಿಸುತ್ತದೆ, ಒಂದು ಚಿತ್ರಗಳನ್ನು ತೋರಿಸುತ್ತದೆ. ಕೊನೆಗೆ ಹಣವನ್ನು ಪಡೆಯುವ ಪೇಮೆಂಟ್ ಗೇಟ್‌ವೇ, ಮತ್ತು ಇವೆಲ್ಲವನ್ನೂ ನೋಡುವ ಗ್ರಾಹಕರ ಮೊಬೈಲು. ಈ ಒಂದೊಂದು ಅಂತಸ್ತನ್ನೂ ಕಟ್ಟಿದವರು ಬೇರೆ ಬೇರೆ ಜನರು. ಅವರಲ್ಲಿ ಪ್ರತಿಯೊಬ್ಬರೂ ತಮ್ಮ ಭಾಗವನ್ನು ತಮ್ಮದೇ ಕಾಲಕ್ರಮದಲ್ಲಿ ಬದಲಿಸುತ್ತಲೇ ಇರುತ್ತಾರೆ.

ಹೀಗಿರಲು, ನಮ್ಮ ಅಂಗಡಿಯನ್ನು ನಾವು ಮುಟ್ಟದೆ ಬಿಟ್ಟರೂ ಅದು ಇದ್ದ ಸ್ಥಿತಿಯಲ್ಲಿಯೇ ನಿಲ್ಲುವುದಿಲ್ಲ. ಸಾಫ್ಟ್‌ವೇರಿಗೆ ಮರಕ್ಕೆ ಹಿಡಿಯುವಂತೆ ಗೆದ್ದಲು ಹಿಡಿಯುವುದಿಲ್ಲ, ಕಬ್ಬಿಣಕ್ಕೆ ಹಿಡಿಯುವಂತೆ ತುಕ್ಕು ಹಿಡಿಯುವುದಿಲ್ಲ. ಅದರ ಅಕ್ಷರಗಳು ಹತ್ತು ವರ್ಷಗಳಾದರೂ ಹಾಗೆಯೇ ಇರುತ್ತವೆ. ಆದರೆ ಅದರ ಸುತ್ತಲಿನದೆಲ್ಲವೂ ಬದಲಾಗುವುದರಿಂದ, ಬದಲಾಗದೆ ಉಳಿದದ್ದೇ ಕೆಟ್ಟದ್ದಾಗಿ ಪರಿಣಮಿಸುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಮೆಯಿರ್ ಲೇಮನ್ ಎಂಬ ವಿದ್ವಾಂಸರು ೧೯೭೪ರಲ್ಲಿಯೇ ಇದನ್ನು ಒಂದು ನಿಯಮದ ರೂಪದಲ್ಲಿ ತಿಳಿಸಿದರು. ಜನರ ನಿತ್ಯದ ಬಳಕೆಯಲ್ಲಿರುವ ಸಾಫ್ಟ್‌ವೇರು ಸತತವಾಗಿ ಹೊಂದಿಸಲ್ಪಡುತ್ತಿರಬೇಕು, ಇಲ್ಲವಾದರೆ ಅದು ದಿನೇದಿನೇ ಕಡಿಮೆ ಉಪಯುಕ್ತವಾಗುತ್ತ ಹೋಗುವುದು ಎಂಬುದೇ ಆ ನಿಯಮದ ತಾತ್ಪರ್ಯ. ಹೆಂಚಿನ ಮನೆಯಲ್ಲಿ ವಾಸಿಸುವವರಿಗೆ ಇದು ಹೊಸ ಮಾತಲ್ಲ. ಮಾಡು ಸೋರಲಿ, ಸೋರದಿರಲಿ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಮನೆವಾರ್ತೆಯ ಒಂದು ಭಾಗವೇ ಆಗಿದೆ.

ಈಗ ನಷ್ಟದ ವಿಷಯಕ್ಕೆ ಬರೋಣ. ಅದು ಮೂರು ದಿಕ್ಕುಗಳಿಂದ ಬರುತ್ತದೆ: ಕಳ್ಳರಿಂದ, ಕಾಯಿದೆಯಿಂದ, ಗ್ರಾಹಕರ ಕೈಯಲ್ಲಿರುವ ಸಾಧನಗಳ ಬದಲಾವಣೆಯಿಂದ.

ಕಳ್ಳರ ವಿಷಯವನ್ನು ಮೊದಲು ಹೇಳುತ್ತೇನೆ. ಎಷ್ಟೇ ಜಾಗ್ರತೆಯಿಂದ ಬರೆದ ಸಾಫ್ಟ್‌ವೇರಿನಲ್ಲಿಯೂ ಕೆಲವು ದೋಷಗಳು ಉಳಿದಿರುತ್ತವೆ. ಅವುಗಳಲ್ಲಿ ಕೆಲವು, ಪರಕೀಯರು ಒಳಗೆ ನುಗ್ಗುವುದಕ್ಕೆ ಎಡೆ ಮಾಡಿಕೊಡುವ ಕಿಂಡಿಗಳು. ದೋಷವು ಗೊತ್ತಾದಾಗ ಅದನ್ನು ತಯಾರಿಸಿದವರು ಪ್ಯಾಚ್ ಎಂಬುದನ್ನು ಪ್ರಕಟಿಸುತ್ತಾರೆ. ಪ್ಯಾಚ್ ಎಂದರೆ ತೇಪೆ; ಹರಿದ ಬಟ್ಟೆಗೆ ನಾವು ಹಾಕುವಂತಹದೇ. ಇಲ್ಲಿ ಗಮನಿಸತಕ್ಕ ಒಂದು ವಿಶೇಷವಿದೆ. ತೇಪೆಯು ಪ್ರಕಟವಾದ ಕೂಡಲೇ ಬಟ್ಟೆಯು ಎಲ್ಲಿ ಹರಿದಿತ್ತು ಎಂಬುದು ಎಲ್ಲರಿಗೂ ತಿಳಿಯುತ್ತದೆ, ಕಳ್ಳರಿಗೂ ತಿಳಿಯುತ್ತದೆ. ಆದುದರಿಂದ ಪ್ಯಾಚ್ ಬಂದ ಮೇಲೆಯೂ ಅದನ್ನು ಹಾಕಿಕೊಳ್ಳದ ಅಂಗಡಿಯು, ಪ್ಯಾಚ್ ಬರುವುದಕ್ಕೆ ಮುಂಚೆ ಇದ್ದುದಕ್ಕಿಂತ ಹೆಚ್ಚಿನ ಅಪಾಯದಲ್ಲಿರುತ್ತದೆ.

ಇದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. ಮೂರನ್ನು ಮಾತ್ರ ಹೇಳುತ್ತೇನೆ. ಮೆಜೆಂಟೊ ಎಂಬ ಅಂಗಡಿಯ ಸಾಫ್ಟ್‌ವೇರಿನ ಮೊದಲನೆಯ ಪೀಳಿಗೆಯು ೨೦೦೮ರಲ್ಲಿ ಬಂದಿತು. ಎರಡನೆಯದು ೨೦೧೫ರ ನವೆಂಬರಿನಲ್ಲಿ. ಮೊದಲನೆಯದಕ್ಕೆ ೨೦೨೦ರ ಜೂನ್ ೩೦ರ ತರುವಾಯ ಯಾವ ಪ್ಯಾಚನ್ನೂ ಕೊಡುವುದಿಲ್ಲವೆಂದು ಅದರ ಒಡೆಯರು ಮುಂಚಿತವಾಗಿಯೇ ಸಾರಿದ್ದರು. ಹೊಸದಕ್ಕೆ ಹೋಗುವುದಕ್ಕೆ ನಾಲ್ಕೂವರೆ ವರ್ಷಗಳಿಗೂ ಮೀರಿದ ಅವಕಾಶವಿದ್ದರೂ ಸಾವಿರಾರು ಅಂಗಡಿಗಳು ಹಳೆಯದರಲ್ಲಿಯೇ ಉಳಿದವು. ಎರಡೂವರೆ ತಿಂಗಳು ಕಳೆದವು. ೨೦೨೦ರ ಸೆಪ್ಟೆಂಬರ್ ೧೨ ಮತ್ತು ೧೩, ಒಂದು ಶನಿವಾರ, ಭಾನುವಾರ, ಸುಮಾರು ೨,೦೦೦ ಅಂಗಡಿಗಳಿಗೆ ಕಳ್ಳರು ನುಗ್ಗಿದರು. ಅವುಗಳಲ್ಲಿ ಹೆಚ್ಚಿನವು ಆ ಹಳೆಯ ಪೀಳಿಗೆಯವೇ. ಗ್ರಾಹಕರು ಹಣ ಕೊಡುವ ಪುಟದಲ್ಲಿ ಕಳ್ಳರು ಕೆಲವು ಸಾಲುಗಳ ಪ್ರೋಗ್ರಾಮನ್ನು ಸೇರಿಸಿದ್ದರು. ಗ್ರಾಹಕರು ಬರೆದ ಕಾರ್ಡಿನ ಸಂಖ್ಯೆಯು ಅಂಗಡಿಗೂ ಸೇರುತ್ತಿತ್ತು, ಕಳ್ಳರಿಗೂ ಸೇರುತ್ತಿತ್ತು. ಇಂತಹ ಕಳವಿನಲ್ಲಿ ಸರಕು ಎಂದಿನಂತೆ ತಲುಪುತ್ತದೆ, ರಸೀದಿಯೂ ಬರುತ್ತದೆ. ಆದುದರಿಂದ ಅಂಗಡಿಯವರಿಗೆ ಸುಳಿವೇ ಸಿಕ್ಕುವುದಿಲ್ಲ.

ಎರಡನೆಯದು ವೂಕಾಮರ್ಸ್ ಅಂಗಡಿಗಳಲ್ಲಿ ಹಣ ಪಡೆಯಲು ಉಪಯೋಗಿಸುವ ವೂಕಾಮರ್ಸ್ ಪೇಮೆಂಟ್ಸ್ ಎಂಬ ಪ್ಲಗಿನ್ನಿನ ಸಂಗತಿ. ಯಾವ ಗುಪ್ತಪದವೂ ಇಲ್ಲದೆ ಅಂಗಡಿಯ ಯಜಮಾನನಂತೆ ಒಳಗೆ ಬರಬಹುದಾದ ದೋಷವೊಂದು ಅದರಲ್ಲಿತ್ತು. ೨೦೨೩ರ ಮಾರ್ಚಿಯಲ್ಲಿಯೇ ಅದಕ್ಕೆ ಪ್ಯಾಚ್ ಬಂದಿತು. ಅದೇ ವರ್ಷದ ಜುಲೈ ನಡುವಿನಲ್ಲಿ ದೊಡ್ಡ ದಾಳಿ ನಡೆಯಿತು: ಜುಲೈ ೧೬ರ ಒಂದೇ ದಿನದಲ್ಲಿ ೧,೫೭,೦೦೦ ವೆಬ್‌ಸೈಟುಗಳ ಮೇಲೆ ೧೩ ಲಕ್ಷ ಪ್ರಯತ್ನಗಳನ್ನು ಒಂದು ಭದ್ರತಾ ಸಂಸ್ಥೆಯು ಎಣಿಸಿತು. ಮಾರ್ಚಿಯಲ್ಲಿ ಪ್ಯಾಚನ್ನು ಹಾಕಿಸಿಕೊಂಡವರಿಗೆ ಜುಲೈಯ ಆ ದೋಷದ ಭಯವಿರಲಿಲ್ಲ. “ನಮ್ಮಂತಹ ಚಿಕ್ಕ ಅಂಗಡಿಯನ್ನು ಯಾರು ಗಮನಿಸುತ್ತಾರೆ?” ಎಂದು ಕೇಳುವವರು ಈ ಸಂಖ್ಯೆಗಳನ್ನು ನೆನಪಿನಲ್ಲಿಡಬೇಕು. ಇಲ್ಲಿ ಕಳ್ಳನು ಶ್ರೀಮಂತರ ಮನೆಯನ್ನು ಆರಿಸಿಕೊಂಡು ಬರುವುದಿಲ್ಲ. ಒಂದು ಯಂತ್ರವು ಊರಿನ ಪ್ರತಿಯೊಂದು ಬಾಗಿಲನ್ನೂ ತಳ್ಳಿ ನೋಡುತ್ತ ಹೋಗುತ್ತದೆ. ತೆರೆದದ್ದು ಯಾರದೇ ಆಗಲಿ, ಒಳಗೆ ಹೋಗುತ್ತದೆ.

ಮೂರನೆಯದು ಅಂಗಡಿಯ ಸಂಗತಿಯಲ್ಲ; ಆದರೂ ನಮಗೆ ಅದರಲ್ಲಿ ಒಂದು ಪಾಠವಿದೆ. ಜನರ ಸಾಲದ ದಾಖಲೆಗಳನ್ನು ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಂಸ್ಥೆಯು ಉಪಯೋಗಿಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿಗೆ ೨೦೧೭ರ ಮಾರ್ಚ್ ೭ರಂದು ಪ್ಯಾಚ್ ಬಂದಿತು. ಎರಡು ದಿನಗಳೊಳಗಾಗಿ ಎಲ್ಲ ಕಡೆಯೂ ಅದನ್ನು ಹಾಕಬೇಕೆಂದು ಸಂಸ್ಥೆಯಲ್ಲಿ ಆಜ್ಞೆಯೂ ಹೊರಟಿತು. ಆದರೆ ಆ ಸಾಫ್ಟ್‌ವೇರು ಎಲ್ಲೆಲ್ಲಿದೆ ಎಂಬುದರ ಪೂರ್ಣವಾದ ಪಟ್ಟಿ ಅವರಲ್ಲಿರಲಿಲ್ಲ. ಒಂದು ಕಡೆ ಬಿಟ್ಟುಹೋಯಿತು. ಮೇ ತಿಂಗಳ ನಡುವಿನಲ್ಲಿ ಕಳ್ಳರು ಅಲ್ಲಿಂದಲೇ ಒಳಹೊಕ್ಕು, ಜುಲೈ ಕೊನೆಯ ವರೆಗೂ ಗೊತ್ತಾಗದೆ ಇದ್ದು, ಸುಮಾರು ೧೪ ಕೋಟಿ ೭೦ ಲಕ್ಷ ಜನರ ವಿವರಗಳನ್ನು ಕದ್ದೊಯ್ದರು. ೨೦೧೯ರ ಜುಲೈಯಲ್ಲಿ ಆದ ಒಪ್ಪಂದದಂತೆ ಆ ಸಂಸ್ಥೆಯು ಕಡಿಮೆಯೆಂದರೂ ೫೭.೫ ಕೋಟಿ ಡಾಲರುಗಳನ್ನು ತೆರಬೇಕಾಯಿತು. ಅವರಲ್ಲಿ ಪ್ಯಾಚ್ ಇತ್ತು, ಆಜ್ಞೆಯಿತ್ತು, ನಿಪುಣರಿದ್ದರು. ತಮ್ಮಲ್ಲಿ ಏನೇನಿದೆ ಎಂಬ ಸರಿಯಾದ ಪಟ್ಟಿ ಮಾತ್ರ ಇರಲಿಲ್ಲ. ಈ ಪಟ್ಟಿಯ ವಿಷಯವನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಇನ್ನು ಕಾಯಿದೆಯ ವಿಷಯ. ವ್ಯಾಪಾರದ ನಿಯಮಗಳು ಬದಲಾದಾಗ ಅಂಗಡಿಯ ಸಾಫ್ಟ್‌ವೇರೂ ಬದಲಾಗಲೇಬೇಕು. ೨೦೧೭ರ ಜುಲೈ ೧ರಂದು ಜಿ.ಎಸ್.ಟಿ. ಬಂದಾಗ ಎಲ್ಲ ರಸೀದಿಗಳ ರೂಪವೇ ಬದಲಾಯಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ದರಗಳು ಮತ್ತೊಮ್ಮೆ ಮಾರ್ಪಟ್ಟವು: ಶೇಕಡಾ ೧೨ ಮತ್ತು ೨೮ರ ದರಗಳಲ್ಲಿದ್ದ ಬಹುಪಾಲು ಸರಕುಗಳನ್ನು ೫ ಮತ್ತು ೧೮ಕ್ಕೆ ಇಳಿಸಿದರು, ತಲೆಗೆ ಹಚ್ಚುವ ಎಣ್ಣೆ, ಮೈಸಾಬೂನುಗಳು ಶೇಕಡಾ ೧೮ರಿಂದ ೫ಕ್ಕೆ ಇಳಿದವು. ಆ ದಿನ ತನ್ನ ಅಂಗಡಿಯ ದರದ ಪಟ್ಟಿಯನ್ನು ತಿದ್ದದವಳು ಗ್ರಾಹಕರಿಂದ ಹೆಚ್ಚು ಕರವನ್ನು ವಸೂಲು ಮಾಡಿದಂತಾಯಿತು. ಹಾಗೆಯೇ ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಆದೇಶದಂತೆ, ೨೦೨೨ರ ಅಕ್ಟೋಬರ್ ೧ರಿಂದ ಅಂಗಡಿಯವರು ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳಕೂಡದು. ಅದಕ್ಕೆ ಬದಲಾಗಿ ಟೋಕನ್ ಎಂಬ ಬೇರೆ ಸಂಖ್ಯೆಯಿಂದ ವ್ಯವಹಾರ ನಡೆಯಬೇಕು. ಕಾರ್ಡು ವ್ಯವಹಾರದ ಅಂತರರಾಷ್ಟ್ರೀಯ ಭದ್ರತಾ ನಿಯಮಾವಳಿಯಾದ ಪಿ.ಸಿ.ಐ. ಡಿ.ಎಸ್.ಎಸ್. ಎಂಬುದರಲ್ಲಿ, ತೀವ್ರವಾದ ದೋಷಗಳಿಗೆ ಬಂದ ಪ್ಯಾಚನ್ನು ಒಂದು ತಿಂಗಳೊಳಗೆ ಹಾಕತಕ್ಕದ್ದೆಂಬ ವಿಧಿಯೇ ಇದೆ. ಇಂತಹ ಬದಲಾವಣೆಗಳಲ್ಲಿ ಕೆಲವನ್ನು ನಾವೇ ಪಟ್ಟಿಯಲ್ಲಿ ತಿದ್ದಿದರೆ ಸಾಕು; ಕೆಲವಕ್ಕೆ ಸಾಫ್ಟ್‌ವೇರಿನ ಹೊಸ ಆವೃತ್ತಿಯೇ ಬೇಕು.

ಮೂರನೆಯ ದಿಕ್ಕು ಗ್ರಾಹಕರ ಸಾಧನಗಳದು. ಒಂದು ಕಾಲದಲ್ಲಿ ಅನೇಕ ವೆಬ್‌ಸೈಟುಗಳು ಚಲಿಸುವ ಚಿತ್ರಗಳನ್ನು ಫ್ಲ್ಯಾಶ್ ಎಂಬ ಸಾಫ್ಟ್‌ವೇರಿನಿಂದ ತೋರಿಸುತ್ತಿದ್ದವು. ೨೦೨೦ರ ಡಿಸೆಂಬರ್ ೩೧ಕ್ಕೆ ಅದರ ತಯಾರಕರು ಅದನ್ನು ಕೈಬಿಟ್ಟರು. ೨೦೨೧ರ ಜನವರಿ ೧೨ರಿಂದ ಆ ಚಿತ್ರಗಳು ಓಡುವುದೇ ನಿಂತಿತು. ಅದೇ ೨೦೨೦ರಲ್ಲಿ ಮುಖ್ಯವಾದ ಬ್ರೌಸರುಗಳೆಲ್ಲವೂ ಗುಪ್ತಲಿಪಿಯ ಹಳೆಯ ಕ್ರಮಗಳಾದ ಟಿ.ಎಲ್.ಎಸ್. ೧.೦ ಮತ್ತು ೧.೧ನ್ನು ತ್ಯಜಿಸಿದವು. ಅವನ್ನೇ ನಂಬಿದ್ದ ಅಂಗಡಿಗೆ ಬಂದವರಿಗೆ ಸೀರೆಯ ಚಿತ್ರಕ್ಕೆ ಬದಲಾಗಿ ಎಚ್ಚರಿಕೆಯ ಪುಟವೇ ಕಂಡಿತು. ಪಿ.ಎಚ್.ಪಿ. ಭಾಷೆಯ ೭.೪ನೆಯ ಆವೃತ್ತಿಯು ೨೦೧೯ರ ನವೆಂಬರ್ ೨೮ರಂದು ಹುಟ್ಟಿ, ೨೦೨೨ರ ನವೆಂಬರ್ ೨೮ಕ್ಕೆ ಅದರ ಪೋಷಣೆ ನಿಂತಿತು. ಮೂರೇ ವರ್ಷ! ಹುಟ್ಟಿದ ಹೊಸದರಲ್ಲಿ ಅದರ ಮೇಲೆ ಕಟ್ಟಿದ ಅಂಗಡಿಯೂ ಮೂರೇ ವರ್ಷಗಳಲ್ಲಿ ಹಳೆಯದಾಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. “ಅಪ್‌ಡೇಟ್ ಮಾಡಿದಾಗಲೇ ಕೆಡುತ್ತದೆ, ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು?” ಎಂದು ಅನೇಕರು ಕೇಳುತ್ತಾರೆ. ಈ ಮಾತನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ಒಂದು ದೋಷಯುಕ್ತ ಅಪ್‌ಡೇಟಿನಿಂದ ಲೋಕದಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಬರೆದುಕೊಡಬೇಕಾಯಿತು. ಆ ಸಂಸ್ಥೆಯು ೭೮ ನಿಮಿಷಗಳಲ್ಲಿ ಅಪ್‌ಡೇಟನ್ನು ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಅದು ಎಲ್ಲ ಕಡೆಗೂ ಹರಡಿತ್ತು. ಆದರೆ ಈ ಘಟನೆಯಿಂದ ಕಲಿಯತಕ್ಕದ್ದು ಯಾವುದು? ಅಪ್‌ಡೇಟ್ ಬೇಡವೆಂದಲ್ಲ, ಪರೀಕ್ಷಿಸದೆ, ಒಮ್ಮೆಗೇ ಎಲ್ಲ ಕಡೆಗೂ ಬೇಡವೆಂದು. ಆ ಸಂಸ್ಥೆಯೂ ತರುವಾಯ ಹಂತಹಂತವಾಗಿ ಕಳುಹಿಸುವ ಕ್ರಮವನ್ನೇ ಕೈಕೊಂಡಿತು.

ಇದಲ್ಲದೆ, ಅಪ್‌ಡೇಟಿನಿಂದ ಕೆಡುವುದು ಹೆಚ್ಚಾಗಿ ಬಹುಕಾಲ ಬಿಟ್ಟು ಒಟ್ಟಿಗೆ ಮಾಡಿದಾಗಲೇ. ಅನೇಕ ಸಾಫ್ಟ್‌ವೇರುಗಳ ಆವೃತ್ತಿಯನ್ನು ಚುಕ್ಕೆಗಳಿಂದ ಬೇರ್ಪಡಿಸಿದ ಮೂರು ಸಂಖ್ಯೆಗಳಲ್ಲಿ ಬರೆಯುತ್ತಾರೆ. ಸಾಮಾನ್ಯವಾಗಿ ಕೊನೆಯ ಸಂಖ್ಯೆ ಬದಲಾದರೆ ಅದು ದೋಷಗಳ ತಿದ್ದುಪಡಿ ಮಾತ್ರ; ನಡುವಿನದು ಬದಲಾದರೆ ಹೊಸ ಸೌಲಭ್ಯಗಳು ಸೇರಿವೆ; ಮೊದಲನೆಯದು ಬದಲಾದರೆ ಹಳೆಯ ಕೆಲವು ಕ್ರಮಗಳನ್ನೇ ಬಿಟ್ಟುಬಿಟ್ಟಿದ್ದಾರೆ ಎಂದರ್ಥ. ಎಲ್ಲರೂ ಈ ಕ್ರಮವನ್ನು ಪಾಲಿಸುವುದಿಲ್ಲವಾದುದರಿಂದ, ಆವೃತ್ತಿಯೊಡನೆ ಕೊಟ್ಟಿರುವ ಬದಲಾವಣೆಗಳ ಟಿಪ್ಪಣಿಯನ್ನು ಓದುವುದು ಉತ್ತಮ. ಕೊನೆಯ ಸಂಖ್ಯೆಯ ಬದಲಾವಣೆಗಳನ್ನು ಆಗಾಗ ಮಾಡುತ್ತ ಬಂದವರಿಗೆ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಕೂಡಲೇ ತಿಳಿಯುತ್ತದೆ. ನಾಲ್ಕು ವರ್ಷ ಸುಮ್ಮನಿದ್ದು ನಲವತ್ತು ಬದಲಾವಣೆಗಳನ್ನು ಒಂದೇ ರಾತ್ರಿ ಮಾಡಿದವರಿಗೆ ದೋಷವನ್ನು ಹುಡುಕುವುದೇ ಅಸಾಧ್ಯವಾಗುತ್ತದೆ. ಮೆಜೆಂಟೊ ಒಂದರಿಂದ ಎರಡಕ್ಕೆ ಹೋದವರಿಗೆ ಅದು ಅಪ್‌ಡೇಟಾಗಿರಲಿಲ್ಲ. ಅಂಗಡಿಯನ್ನೇ ಹೊಸದಾಗಿ ಕಟ್ಟಿಸುವ ಕೆಲಸವಾಗಿತ್ತು. ಅದನ್ನು ಮುಂದೂಡಿದಷ್ಟೂ ಕೆಲಸವು ಕಡಿಮೆಯಾಗಲಿಲ್ಲ, ಅಪಾಯವು ಮಾತ್ರ ಬೆಳೆಯಿತು.

ಹಾಗಾದರೆ ಸರಿಯಾದ ಕ್ರಮವೇನು? ಇದಕ್ಕೆ ಪ್ರೋಗ್ರಾಮಿಂಗ್ ವಿದ್ಯೆ ಬೇಕಾಗಿಲ್ಲ. ಮನೆಯ ಲೆಕ್ಕವನ್ನೂ ಉಗ್ರಾಣವನ್ನೂ ಕ್ರಮವಾಗಿ ನೋಡಿಕೊಳ್ಳಬಲ್ಲ ಯಾರಿಗಾದರೂ ಇದು ಸಾಧ್ಯ.

ಮೊದಲನೆಯದಾಗಿ, ಒಂದು ದಾಖಲೆ ಪುಸ್ತಕವನ್ನು ಇಡತಕ್ಕದ್ದು. ಅಂಗಡಿಯಲ್ಲಿರುವ ಪ್ರತಿಯೊಂದು ಭಾಗದ ಹೆಸರು, ಆವೃತ್ತಿ, ಅದನ್ನು ತಯಾರಿಸಿದವರು, ಕೊನೆಯ ಸಾರಿ ಅಪ್‌ಡೇಟ್ ಮಾಡಿದ ತಾರೀಖು, ಪೋಷಣೆ ನಿಲ್ಲುವ ತಾರೀಖು, ಡೊಮೈನ್ ಹೆಸರನ್ನೂ ಹೋಸ್ಟಿಂಗನ್ನೂ ನವೀಕರಿಸಬೇಕಾದ ತಾರೀಖು, ಇವೆಲ್ಲವೂ ಅದರಲ್ಲಿರಲಿ. ಉಪಯೋಗದಲ್ಲಿಲ್ಲದ ಪ್ಲಗಿನ್ ಕಂಡುಬಂದರೆ ಅದನ್ನು ತೆಗೆದುಹಾಕಿರಿ; ನಾವು ಮರೆತ ಬಾಗಿಲೂ ಬಾಗಿಲೇ.

ಎರಡನೆಯದಾಗಿ, ಅಪ್‌ಡೇಟಿಗೆ ಮುಂಚೆ ಬ್ಯಾಕಪ್, ಅಂದರೆ ಅಂಗಡಿಯ ಪೂರ್ಣ ಪ್ರತಿಯನ್ನು, ತೆಗೆದು ಬೇರೆ ಸ್ಥಳದಲ್ಲಿ ಇಡತಕ್ಕದ್ದು. ಅಂಗಡಿಯಿರುವ ಸರ್ವರಿನಲ್ಲಿಯೇ ಪ್ರತಿಯನ್ನೂ ಇಟ್ಟರೆ, ಬೆಂಕಿ ಬಿದ್ದ ಮನೆಯೊಳಗೇ ನೀರಿನ ಕೊಡವನ್ನು ಇಟ್ಟಂತಾಗುತ್ತದೆ. ವರ್ಷಕ್ಕೆ ಎರಡು ಸಾರಿಯಾದರೂ ಆ ಪ್ರತಿಯಿಂದ ಅಂಗಡಿಯನ್ನು ನಿಜವಾಗಿ ಮರಳಿ ಸ್ಥಾಪಿಸಿ ನೋಡಬೇಕು. ಹಾಗೆ ಪರೀಕ್ಷಿಸದ ಬ್ಯಾಕಪನ್ನು ನಂಬುವಂತಿಲ್ಲ.

ಮೂರನೆಯದಾಗಿ, ಅಪ್‌ಡೇಟನ್ನು ಮೊದಲು ಪರೀಕ್ಷೆಯ ಪ್ರತಿಯಲ್ಲಿ ಮಾಡಿಸತಕ್ಕದ್ದು. ಗ್ರಾಹಕರಿಗೆ ಕಾಣದಂತೆ ಅಂಗಡಿಯ ಇನ್ನೊಂದು ಪ್ರತಿಯನ್ನು ಇಡುವುದಕ್ಕೆ ಅನೇಕ ಹೋಸ್ಟಿಂಗ್ ಸಂಸ್ಥೆಗಳು ಅನುಕೂಲ ಮಾಡಿಕೊಡುತ್ತವೆ. ಅಲ್ಲಿ ಯಜಮಾನಿಯೇ ಗ್ರಾಹಕಳಾಗಿ ಕುಳಿತುಕೊಳ್ಳಲಿ. ಒಂದು ಸರಕನ್ನು ಆರಿಸಿ ಬುಟ್ಟಿಗೆ ಹಾಕಲಿ, ವಿಳಾಸ ಬರೆಯಲಿ, ಅಂಚೆಯ ವೆಚ್ಚವೂ ಕರವೂ ಸರಿಯಾಗಿ ಬಂದುವೇ ಎಂದು ನೋಡಲಿ, ಪರೀಕ್ಷೆಯ ರೀತಿಯಲ್ಲಿ ಹಣ ಸಲ್ಲಿಸಲಿ, ರಸೀದಿ ಬಂದಿತೇ, ಬೇಡವೆಂದರೆ ಹಣ ಹಿಂದಕ್ಕೆ ಬರುತ್ತದೆಯೇ ಎಂದು ನೋಡಲಿ. ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಹೀಗೆ ಮಾಡಬೇಕು.

ನಾಲ್ಕನೆಯದಾಗಿ, ಕಾಲವನ್ನು ಆರಿಸಿಕೊಳ್ಳತಕ್ಕದ್ದು. ಗ್ರಾಹಕರು ಕಡಿಮೆಯಿರುವ ವೇಳೆಯೂ, ಸಹಾಯ ಮಾಡುವವರು ಮರುದಿನ ಕೆಲಸದಲ್ಲಿರುವ ದಿನವೂ ಒಳ್ಳೆಯದು. ದಸರಾ, ದೀಪಾವಳಿ, ಕ್ರಿಸ್ಮಸ್ ವ್ಯಾಪಾರದ ಮುನ್ನಾದಿನ ದೊಡ್ಡ ಬದಲಾವಣೆ ಬೇಡ. ಅವನ್ನು ಒಂದು ತಿಂಗಳು ಮುಂಚಿತವಾಗಿಯೇ ಮುಗಿಸಿರಿ. ಆದರೆ ತೀವ್ರವಾದ ಭದ್ರತಾ ಪ್ಯಾಚಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅದು ಹಬ್ಬದ ದಿನ ಬಂದರೂ ಬ್ಯಾಕಪ್ ತೆಗೆದು, ಬೇಗನೆ ಪರೀಕ್ಷಿಸಿ, ಆ ದಿನವೇ ಹಾಕಿಸಬೇಕು.

ಐದನೆಯದಾಗಿ, ಒಂದು ಕಾಲಪಟ್ಟಿಯನ್ನು ಗೋಡೆಗೆ ಹಚ್ಚಿರಿ. ವಾರಕ್ಕೊಮ್ಮೆ ಹೊಸ ಪ್ಯಾಚುಗಳ ಸೂಚನೆಯನ್ನು ನೋಡುವುದು. ತಿಂಗಳಿಗೊಮ್ಮೆ ಸಾಧಾರಣ ಅಪ್‌ಡೇಟುಗಳನ್ನು ಮಾಡುವುದು. ಮೂರು ತಿಂಗಳಿಗೊಮ್ಮೆ ದಾಖಲೆ ಪುಸ್ತಕವನ್ನೂ, ಅಂಗಡಿಯ ಒಳಗೆ ಬರಲು ಅಧಿಕಾರವಿರುವವರ ಪಟ್ಟಿಯನ್ನೂ ತಿದ್ದುವುದು. ವರ್ಷಕ್ಕೊಮ್ಮೆ ಮುಂದಿನ ವರ್ಷ ಯಾವುದರ ಪೋಷಣೆ ನಿಲ್ಲುವುದೆಂದು ನೋಡಿ ಅದಕ್ಕೆ ಹಣವನ್ನು ತೆಗೆದಿಡುವುದು. ಈ ಹಣವನ್ನು ಅನಿರೀಕ್ಷಿತ ವೆಚ್ಚವೆಂದು ಎಣಿಸಬಾರದು. ಅಂಗಡಿಗೆ ಬಾಡಿಗೆ ಕೊಡುವವರು ಬಾಡಿಗೆಯನ್ನು ಹೇಗೆ ತೆಗೆದಿಡುತ್ತಾರೋ ಹಾಗೆಯೇ ಇದನ್ನೂ ಇಡತಕ್ಕದ್ದು.

ಷಾಪಿಫೈಯಂತಹ ಸಂಸ್ಥೆಗಳಲ್ಲಿ ತಿಂಗಳ ಶುಲ್ಕ ಕೊಟ್ಟು ಅಂಗಡಿ ನಡೆಸುವವರು, ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ಮೂಲಕ ಮಾರುವವರು, “ನಮಗೆ ಇದೆಲ್ಲ ಬೇಡವಲ್ಲ” ಎಂದಾರು. ಅವರ ಭಾರವು ಹಗುರವೆಂಬುದು ನಿಜ. ಕೆಳಗಿನ ಅಂತಸ್ತುಗಳನ್ನು ಆ ಸಂಸ್ಥೆಗಳೇ ನೋಡಿಕೊಳ್ಳುತ್ತವೆ. ಆದರೂ ತಾವು ಜೋಡಿಸಿಕೊಂಡ ಆ್ಯಪುಗಳು, ಕರದ ದರಗಳು, ಗುಪ್ತಪದಗಳು, ಕೆಲಸ ಬಿಟ್ಟುಹೋದ ಸಹಾಯಕರ ಪ್ರವೇಶದ ಅಧಿಕಾರ, ಇವುಗಳ ಹೊಣೆ ಅವರದೇ.

ಈಗ, ಎಲ್ಲಕ್ಕಿಂತ ಮುಖ್ಯವೆಂದು ನಾನೆಣಿಸುವ ಒಂದು ಮಾತನ್ನು ಹೇಳಬೇಕು. ಅಂಗಡಿಯ ಬೀಗದ ಕೈ ಯಾರಲ್ಲಿದೆ? ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿಯೇ ಕಾಯಿಸಿದ ಕೂದಲೆಣ್ಣೆಯನ್ನು ವೆಬ್‌ಸೈಟಿನಲ್ಲಿ ಮಾರುತ್ತಿದ್ದಳು. ಗಂಡನ ಸಂಬಳ ಸಾಲದ ಸಂಸಾರದಲ್ಲಿ ಇಬ್ಬರು ಮಕ್ಕಳ ಶುಲ್ಕ ಆ ಆದಾಯದಿಂದಲೇ ಸಲ್ಲುತ್ತಿತ್ತು. ವೆಬ್‌ಸೈಟನ್ನು ಮಾಡಿಕೊಟ್ಟ ಯುವಕನು ಡೊಮೈನ್, ಹೋಸ್ಟಿಂಗ್ ಎಲ್ಲವನ್ನೂ ತನ್ನ ಹೆಸರಿನಲ್ಲಿ, ತನ್ನ ಇಮೇಲಿನಲ್ಲಿ ಮಾಡಿಸಿದ್ದನು. ಅವಳಲ್ಲಿ ಆರ್ಡರುಗಳನ್ನು ನೋಡುವ ಗುಪ್ತಪದವೊಂದು ಮಾತ್ರ ಇತ್ತು. ೨೦೨೫ರ ಸೆಪ್ಟೆಂಬರಿನಲ್ಲಿ ಕೂದಲೆಣ್ಣೆಯ ಕರವು ಇಳಿದಾಗ ಅವಳು ದರವನ್ನು ತಿದ್ದಬೇಕಾಯಿತು. ತಿದ್ದುವ ಅಧಿಕಾರ ಅವಳಿಗಿರಲಿಲ್ಲ. ಆ ಯುವಕನು ಬೇರೆ ಊರಿನಲ್ಲಿ ಬೇರೆ ಕೆಲಸಕ್ಕೆ ಸೇರಿದ್ದನು, ಫೋನಿಗೆ ಸಿಕ್ಕಲಿಲ್ಲ. ಹೊಸ ದರವು ಜಾರಿಗೆ ಬಂದ ಸೆಪ್ಟೆಂಬರ್ ೨೨ರಂದೇ ಆ ವರ್ಷದ ನವರಾತ್ರಿಯೂ ಆರಂಭವಾಯಿತು. ತಪ್ಪು ಕರದ ರಸೀದಿಯನ್ನು ಕೊಡಲು ಅವಳು ಒಪ್ಪಲಿಲ್ಲ. ವೆಬ್‌ಸೈಟಿನಲ್ಲಿ ಆರ್ಡರ್ ಮಾಡಬೇಡಿರೆಂದು ತಿಳಿದ ಗ್ರಾಹಕರಿಗೆಲ್ಲ ತಿಳಿಸಿ, ಹಬ್ಬದ ವ್ಯಾಪಾರವನ್ನೆಲ್ಲ ಫೋನಿನ ಮೂಲಕ, ಕೈಯಿಂದ ಬರೆದ ರಸೀದಿಗಳಿಂದ ನಡೆಸಿದಳು. ಹೊಸ ಗ್ರಾಹಕರು ಬರಲಿಲ್ಲ. ಅವಳು ಈಗ ಬೇರೆ ಡೊಮೈನಿನಲ್ಲಿ, ಎಲ್ಲವನ್ನೂ ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡು ಅಂಗಡಿಯನ್ನು ಮತ್ತೆ ಕಟ್ಟಿದ್ದಾಳೆ. ಆದರೆ ಹಳೆಯ ಹೆಸರನ್ನು ಹುಡುಕಿಕೊಂಡು ಬರುವವರಿಗೆ ಹೊಸ ಬಾಗಿಲು ಇನ್ನೂ ಪೂರ್ತಿಯಾಗಿ ಗೊತ್ತಾಗಿಲ್ಲ.

ಆದುದರಿಂದ ಸಹೋದರಿಯರೇ, ಡೊಮೈನ್, ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ, ಅಂಗಡಿಯ ಯಜಮಾನಿಕೆಯ ಖಾತೆ, ಈ ನಾಲ್ಕೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ನಿಮ್ಮ ಫೋನಿಗೆ ಸೇರಿರಲಿ. ಕೆಲಸ ಮಾಡುವವರಿಗೆ, ಅವರು ತಮ್ಮನಾಗಲಿ ಭಾವಮೈದುನನಾಗಲಿ, ಪ್ರತ್ಯೇಕವಾದ ಪ್ರವೇಶವನ್ನು ಕೊಡಿರಿ. ಕೆಲಸ ಮುಗಿದಾಗ ಅದನ್ನು ಹಿಂತೆಗೆದುಕೊಳ್ಳಿರಿ. ಇದರಲ್ಲಿ ಅವಿಶ್ವಾಸವೇನೂ ಇಲ್ಲ. ಮಳಿಗೆಯಲ್ಲಿಯೂ ತಿಜೋರಿಯ ಕೈ ಯಜಮಾನಿಯ ಸೊಂಟದಲ್ಲಿಯೇ ಇರುವುದಷ್ಟೆ. ವೆಬ್‌ಸೈಟನ್ನು ಮಾಡಿಸುವಾಗ ಬರೆಯುವ ಕರಾರಿನಲ್ಲಿ, ತೆರೆದ ತರುವಾಯದ ಪಾಲನೆಯನ್ನೂ ಸೇರಿಸಿರಿ: ಯಾರು ಅಪ್‌ಡೇಟ್ ಮಾಡುವವರು, ತಿಂಗಳಿಗೆ ಎಷ್ಟು ಸಾರಿ, ತೀವ್ರ ದೋಷಕ್ಕೆ ಎಷ್ಟು ಗಂಟೆಗಳೊಳಗೆ, ಬ್ಯಾಕಪ್ ಎಲ್ಲಿ, ಶುಲ್ಕವೆಷ್ಟು, ಅವರು ಬಿಟ್ಟುಹೋದರೆ ಏನನ್ನು ಒಪ್ಪಿಸಿ ಹೋಗತಕ್ಕದ್ದು. ಒಂದು ವೇಳೆ ಕಳವೇ ನಡೆದರೆ ಅದನ್ನು ಮುಚ್ಚಿಡಕೂಡದು. ಇಂತಹ ಘಟನೆಗಳನ್ನು ತಿಳಿದ ಆರು ಗಂಟೆಗಳೊಳಗೆ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು ೨೦೨೨ರ ಏಪ್ರಿಲ್ ೨೮ರ ಆದೇಶವಿದೆ. ಪೇಮೆಂಟ್ ಗೇಟ್‌ವೇಯವರಿಗೂ ಗ್ರಾಹಕರಿಗೂ ಕೂಡಲೇ ತಿಳಿಸುವುದು ನಮ್ಮ ಕರ್ತವ್ಯ.

ಪೋಷಕರಿಗೂ ಒಂದು ವಿಜ್ಞಾಪನೆ. ಮಗಳು ವ್ಯಾಪಾರವನ್ನು ಆರಂಭಿಸಿದಾಗ ನೀವು ಬಂಡವಾಳವನ್ನು ಕೊಡುತ್ತೀರಿ, ಆಶೀರ್ವದಿಸುತ್ತೀರಿ. ಅದರೊಡನೆ ಎರಡು ಪ್ರಶ್ನೆಗಳನ್ನೂ ಕೇಳಿರಿ: ಬೀಗದ ಕೈ ನಿನ್ನಲ್ಲಿದೆಯೇ? ಮುಂದಿನ ವರ್ಷದ ಪಾಲನೆಗೆ ಹಣವಿಟ್ಟಿದ್ದೀಯಾ? ಮೊದಲ ಬಂಡವಾಳವೆಲ್ಲವನ್ನೂ ಅಲಂಕಾರಕ್ಕೆ ಸುರಿಯದೆ, ಅದರಲ್ಲಿ ಒಂದು ಭಾಗವನ್ನು ಈ ಕೆಲಸಕ್ಕಾಗಿ ಉಳಿಸುವಂತೆ ಬುದ್ಧಿ ಹೇಳಿರಿ.

ಗ್ರಾಹಕರು ನಮ್ಮ ಮುಖವನ್ನು ನೋಡದೆ, ಧ್ವನಿಯನ್ನು ಕೇಳದೆ, ತಮ್ಮ ವಿಳಾಸವನ್ನೂ ಹಣವನ್ನೂ ನಮಗೆ ಒಪ್ಪಿಸುತ್ತಾರೆ. ಸರಕು ಒಳ್ಳೆಯದಾಗಿದ್ದರೆ ಮಾತ್ರ ಆ ನಂಬಿಕೆಯ ಋಣ ತೀರಲಿಲ್ಲ. ಅವರು ಒಪ್ಪಿಸಿದ್ದನ್ನು ಕಾಪಾಡಿದಾಗಲೇ ತೀರಿತು. ಅಂಗಡಿಯಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಈ ವಾರದಲ್ಲಿಯೇ ಒಂದು ನೋಟುಬುಕ್ಕನ್ನು ತೆಗೆದುಕೊಂಡು, ಅದರ ಮೊದಲ ಪುಟದಲ್ಲಿ ತಮ್ಮ ಅಂಗಡಿಯಲ್ಲಿ ಏನೇನಿದೆ, ಅದು ಯಾವ ಆವೃತ್ತಿಯದು, ಅದರ ಕೈ ಯಾರಲ್ಲಿದೆ ಎಂದು ಬರೆಯಲಿ. ಉಳಿದ ಕೆಲಸವನ್ನು ಆ ಪುಟವೇ ತೋರಿಸಿಕೊಡುವುದು.